ಮಾತು ನಿಂತ ಮೇಲೂ ಕೆಲಸ ನಡೆಯಬೇಕು: ಬೆಳವಣಿಗೆಯ ಅಂಗವೈಕಲ್ಯ ಇರುವ ವಯಸ್ಕರಿಗೆ ಸ್ವತಂತ್ರ ಬದುಕು ಕಲಿಸುವ ಸಮಗ್ರ ಮಾರ್ಗದರ್ಶಿ

ಮೂವತ್ತೈದು ದಾಟಿದ ಒಬ್ಬರಿಗೆ ಬ್ರಷ್ ಹಿಡಿಯಲು ಬರುತ್ತದೆ, ಪೇಸ್ಟ್ ಹಾಕಲು ಬರುತ್ತದೆ, ಬಾಯಿ ಮುಕ್ಕಳಿಸಲೂ ಬರುತ್ತದೆ. ಆದರೂ ದಿನಾ ಬೆಳಿಗ್ಗೆ ಅಮ್ಮ ಬಾತ್‌ರೂಮಿನ ಬಾಗಿಲಲ್ಲಿ ನಿಂತು "ಬ್ರಷ್ ತಗೋ, ಪೇಸ್ಟ್ ಹಾಕು, ಹಿಂದಿನ ಹಲ್ಲು ಉಜ್ಜು" ಅನ್ನುತ್ತಲೇ ಇರಬೇಕು. ಅಮ್ಮ ಒಂದು ದಿನ ಸುಮ್ಮನಿದ್ದರೆ ಬ್ರಷ್ ಕೈಯಲ್ಲೇ ಉಳಿಯುತ್ತದೆ. ಹಲ್ಲುಜ್ಜುವುದು ಅವರಿಗೆ ಗೊತ್ತಿದೆ. ಆದರೆ ಅಮ್ಮನ ದನಿಯೂ ಆ ಕೆಲಸದ ಒಂದು ಹಂತವಾಗಿ ಸೇರಿಹೋಗಿದೆ. ದನಿ ಬಾರದೆ ಮುಂದಿನ ಹಂತ ಶುರುವಾಗುವುದಿಲ್ಲ.

ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ ಇರುವ ವಯಸ್ಕರ ಜೊತೆ ಕೆಲಸ ಮಾಡುವವರು ಹೆಚ್ಚು ಎಡವುವುದು ಇಲ್ಲೇ. ಕಲಿಸುತ್ತೇವೆ, ಆದರೆ ಕಲಿಸಿದ ಮೇಲೆ ಅಲ್ಲಿಂದ ಹೊರಗೆ ಬರುವುದು ಹೇಗೆ ಎಂದು ಯೋಚಿಸಿರುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹೇಳುವ ಪ್ರತಿ ಸಹಾಯಕ್ಕೂ ಎರಡರಲ್ಲಿ ಒಂದು ಗತಿ ಇದೆ: ಒಂದೋ ಅದು ಇಂಥ ದಿನಕ್ಕೆ ಹೀಗೆ ಕರಗುತ್ತದೆ, ಇಲ್ಲವೇ ಯಾರ ಬಾಯಿಗೂ ಅಂಟಿಕೊಳ್ಳದೆ ಒಂದು ವಸ್ತುವಾಗಿ ಅವರ ಮನೆಯಲ್ಲೇ ಉಳಿಯುತ್ತದೆ.

ಎಲ್ಲವನ್ನೂ ತನ್ನ ಕೈಯಿಂದಲೇ ಮಾಡಿಕೊಳ್ಳುವುದನ್ನು ಸ್ವತಂತ್ರ ಬದುಕು ಎಂದುಕೊಂಡರೆ ದಾರಿ ತಪ್ಪಿದ ಹಾಗೆ. 1972ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಸ್ವತಂತ್ರ ಬದುಕಿನ ಕೇಂದ್ರ ಕಟ್ಟಿದವರಲ್ಲಿ ಮುಖ್ಯರಾದ ಎಡ್ ರಾಬರ್ಟ್ಸ್ ಪೋಲಿಯೊದಿಂದ ಕತ್ತಿನ ಕೆಳಗೆ ಬಹುತೇಕ ಚಲನೆ ಕಳೆದುಕೊಂಡವರು. ಬಟ್ಟೆ ಉಡಲೂ ಅವರಿಗೆ ಬೇರೆಯವರ ಕೈ ಬೇಕಿತ್ತು. ಯಾವ ಬಟ್ಟೆ, ಯಾವಾಗ, ಯಾರ ಕೈಯಿಂದ ಎಂಬುದನ್ನು ಮಾತ್ರ ಅವರೇ ತೀರ್ಮಾನಿಸುತ್ತಿದ್ದರು. ಕೆಲಸ ಯಾರ ಕೈಯಿಂದಾದರೂ ಆಗಲಿ, ತೀರ್ಮಾನ ಅವರದೇ ಇರಲಿ ಎಂಬ ಅಳತೆಗೋಲನ್ನು ಮೊದಲ ದಿನದಿಂದ ಇಟ್ಟುಕೊಳ್ಳಿ.

ಶುರು ಮಾಡುವ ಮುನ್ನ

ಮೊದಲು ಅವರನ್ನೇ ಕೇಳಿ. "ನಿಮಗೆ ಏನು ಕಲಿಯಬೇಕು?" ಎಂದು ಬಾಯಿಮಾತಲ್ಲಿ ಕೇಳಿದರೆ ಬಹಳ ಜನ ಎದುರಿನವರಿಗೆ ಇಷ್ಟವಾಗುವ ಉತ್ತರ ಕೊಡುತ್ತಾರೆ, ಅಥವಾ ಕೊನೆಗೆ ಕೇಳಿದ ಪದವನ್ನೇ ತಿರುಗಿ ಹೇಳುತ್ತಾರೆ. ಒಂದೇ ಪ್ರಶ್ನೆಯನ್ನು ಆಯ್ಕೆಗಳ ಕ್ರಮ ಬದಲಿಸಿ ಬೇರೆ ದಿನ ಕೇಳಿ ನೋಡಿ. ಉತ್ತರವೂ ಬದಲಾದರೆ ಅದು ಆಯ್ಕೆಯಲ್ಲ, ಪ್ರತಿಧ್ವನಿ. ಮಾತಿಗಿಂತ ಫೋಟೊ ಮೇಲು: ಹತ್ತು ಹನ್ನೆರಡು ಕೆಲಸಗಳ ಚಿತ್ರ ಹರಡಿ, "ನಾನೇ ಮಾಡಬೇಕು", "ಯಾರಾದರೂ ಮಾಡಿಕೊಡಲಿ", "ನನಗೆ ಬೇಡ" ಎಂಬ ಮೂರು ಗುಂಪು ಮಾಡಲು ಹೇಳಿ. ಮಾತೇ ಬಾರದವರ ಇಷ್ಟವನ್ನು ಅವರು ಯಾವುದರ ಕಡೆ ನಡೆಯುತ್ತಾರೆ, ಯಾವುದನ್ನು ತಳ್ಳುತ್ತಾರೆ ಎಂಬುದರಿಂದ ಓದಬೇಕಾಗುತ್ತದೆ.

"ಮೊದಲು ಎಲ್ಲ ಕಲಿಯಲಿ, ಆಮೇಲೆ ಬೇರೆ ಮನೆ" ಎನ್ನುವ ಷರತ್ತು ಬೇಡ. ಆ "ಎಲ್ಲ" ಎಂದೂ ಮುಗಿಯುವುದಿಲ್ಲ. ಅಡುಗೆ ಬಾರದವರೂ ತಮ್ಮ ಮನೆಯಲ್ಲಿ ಬದುಕುತ್ತಾರೆ, ಅಂಗವೈಕಲ್ಯ ಇಲ್ಲದವರಲ್ಲೇ ಅಂಥವರು ಬೇಕಾದಷ್ಟು ಜನ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿ, ಎಲ್ಲಿ ಮತ್ತು ಯಾರ ಜೊತೆ ಬಾಳಬೇಕೆಂದು ಆರಿಸುವ ಹಕ್ಕನ್ನು ಹೇಳುತ್ತದೆ. ಪರೀಕ್ಷೆ ಪಾಸಾದವರಿಗೆ ಮಾತ್ರ ಎಂದು ಅದರಲ್ಲಿ ಇಲ್ಲ.

ಆಮೇಲೆ ದೇಹ. ಕಣ್ಣು, ಕಿವಿ, ಹಲ್ಲು, ನಿದ್ದೆ, ಮಲಬದ್ಧತೆ, ಈಗಿನ ಔಷಧಿಗಳ ಅಡ್ಡಪರಿಣಾಮ ಇವಿಷ್ಟನ್ನು ವೈದ್ಯರು ನೋಡಿದ ಮೇಲೇ ಪಾಠ. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಕೊರತೆ ಹೆಚ್ಚು. ಅದನ್ನು ಸೋಮಾರಿತನ ಎಂದುಕೊಂಡು ತಿಂಗಳುಗಟ್ಟಲೆ ಒತ್ತಾಯ ಮಾಡಿದವರಿದ್ದಾರೆ. ಅವರಲ್ಲೇ ನಲವತ್ತರ ನಂತರ ಆಲ್ಝೈಮರ್ ಬೇಗ ಕಾಣಿಸಿಕೊಳ್ಳುವ ಸಂಭವವೂ ಜಾಸ್ತಿ. ಹಾಗಾಗಿ ಮೊದಲು ಬರುತ್ತಿದ್ದ ಕೆಲಸ ಮರೆತುಹೋಗುತ್ತಿದ್ದರೆ ಮತ್ತೆ ಕಲಿಸಲು ಹೊರಡಬೇಡಿ, ಮೊದಲು ತಪಾಸಣೆ ಮಾಡಿಸಿ. ನೋವನ್ನು ಮಾತಲ್ಲಿ ಹೇಳಲಾರದವರು ಹಟ, ಕೂಗಾಟ, ಮಂಕುತನಗಳಲ್ಲಿ ಹೇಳುತ್ತಾರೆ.

ಎರಡು ವಾರ ಬರೀ ನೋಡುವುದು

ಸಹಾಯ ಮಾಡುವ ಅಭ್ಯಾಸ ಇರುವವರಿಗೆ ಕಷ್ಟವಾದ ಹಂತ ಇದು. ದಿನಕ್ಕೆ ಒಂದೆರಡು ಕೆಲಸ ಆರಿಸಿ, ಅಪಾಯ ಇಲ್ಲದ ಕಡೆ ಕೈ ಕಟ್ಟಿಕೊಂಡು ಕೂತು ನೋಡಿ. ಒಂದು ಹಾಳೆಯಲ್ಲಿ ಹಂತಗಳನ್ನು ಬರೆದುಕೊಂಡು ಎದುರಿಗೆ ಒಂದಕ್ಷರ ಹಾಕುತ್ತಾ ಹೋಗಿ: ತಾವಾಗಿ ಮಾಡಿದರೆ "ತಾ", ಸನ್ನೆ ಬೇಕಾಯಿತೆಂದರೆ "ಸ", ಮಾತು ಬೇಕಾಯಿತೆಂದರೆ "ಮಾ", ಮಾಡಿ ತೋರಿಸಬೇಕಾಯಿತೆಂದರೆ "ತೋ", ಕೈ ಹಿಡಿಯಬೇಕಾಯಿತೆಂದರೆ "ಕೈ".

ಹಾಳೆ ತುಂಬಿದಾಗ ಎರಡು ಬಗೆಯ ಅಚ್ಚರಿ ಕಾದಿರುತ್ತದೆ. "ಏನೂ ಬರೋದಿಲ್ಲ" ಎಂದು ಮನೆಯವರು ಹೇಳಿದ ಕೆಲಸದಲ್ಲಿ ಮುಕ್ಕಾಲು ಪಾಲು "ತಾ" ಇರುತ್ತದೆ. "ಎಲ್ಲಾ ಬರುತ್ತೆ" ಎಂದ ಕೆಲಸದಲ್ಲಿ ಸಾಲಾಗಿ "ಮಾ, ಮಾ, ಮಾ". ಎರಡನೆಯದೇ ಹೆಚ್ಚು ಕಷ್ಟದ್ದು.

ಈಗ ಮೂರೇ ಮೂರು ಗುರಿ ಆರಿಸಿ. ಒಂದು ಸುರಕ್ಷತೆಯದು, ಒಂದು ದಿನಾ ಬರುವಂಥದು, ಒಂದು ಅವರಿಗೆ ಖುಷಿಯದು. ಖುಷಿಯದನ್ನು ಬಿಟ್ಟರೆ ಉಳಿದೆರಡೂ ಮೂರನೇ ವಾರಕ್ಕೆ ನಿಲ್ಲುತ್ತವೆ. ದಿನಾ ಬರುವ ಕೆಲಸಕ್ಕೆ ಒಂದು ಲಾಭವಿದೆ: ಅಭ್ಯಾಸಕ್ಕೆಂದು ಬೇರೆ ಸಮಯ ಹುಡುಕಬೇಕಿಲ್ಲ. ತಿಂಗಳಿಗೊಮ್ಮೆ ಬರುವ ಬಿಲ್ ಕಟ್ಟುವಂಥದ್ದನ್ನು ಮೊದಲ ಗುರಿಯಾಗಿ ಇಟ್ಟರೆ ವರ್ಷಕ್ಕೆ ಹನ್ನೆರಡೇ ಪಾಠ.

ಕೆಲಸವನ್ನು ಬಿಡಿಸುವುದು: ಬಟ್ಟೆ ಒಗೆಯುವ ಉದಾಹರಣೆ

ಕುರ್ಚಿಯಲ್ಲಿ ಕೂತು ಹಂತ ಬರೆಯಬೇಡಿ. ನೀವೇ ಹೋಗಿ, ಅವರ ಮನೆಯ ಮಷೀನಿನಲ್ಲೇ, ನಿಧಾನವಾಗಿ ಒಮ್ಮೆ ಮಾಡಿ ಬರೆಯಿರಿ. ಮುಂದಿನಿಂದ ಬಟ್ಟೆ ಹಾಕುವ ಸಾಮಾನ್ಯ ಮಷೀನಿಗೆ ಪಟ್ಟಿ ಹೀಗೆ ಬರುತ್ತದೆ (ಚುಕ್ಕೆ, ಗೆರೆಗಳು ನೀವೇ ಹಾಕಿದ ಗುರುತುಗಳು):

1. ಕೊಳೆ ಬಟ್ಟೆಯ ಬುಟ್ಟಿಯನ್ನು ಮಷೀನಿನ ಮುಂದೆ ತಂದಿಡುವುದು
2. ಪ್ರತಿ ಜೇಬಿಗೂ ಕೈ ಹಾಕಿ ನೋಡುವುದು
3. ಬಾಗಿಲು ತೆರೆದು ಬಟ್ಟೆಯನ್ನು ಒಂದೊಂದಾಗಿ ಹಾಕುವುದು
4. ಬಟ್ಟೆಯ ಮೇಲೆ ಅಂಗೈ ನಿಲ್ಲಿಸಿ ಹಿಡಿಯುವಷ್ಟು ಜಾಗ ಉಳಿದಿದೆಯೇ ನೋಡುವುದು
5. "ಟಕ್" ಅನ್ನುವವರೆಗೆ ಬಾಗಿಲು ಒತ್ತುವುದು
6. ಪುಡಿಯ ಡಬ್ಬ ತೆರೆದು, ಅಳತೆ ಲೋಟವನ್ನು ಕೆಂಪು ಗೆರೆಯವರೆಗೆ ತುಂಬುವುದು
7. ಕೆಂಪು ಚುಕ್ಕೆ ಇರುವ ಖಾನೆಗೆ ಸುರಿಯುವುದು
8. ಖಾನೆ ಒಳಗೆ ತಳ್ಳುವುದು, ಡಬ್ಬ ಮುಚ್ಚುವುದು
9. ನಲ್ಲಿ ತಿರುಗಿಸುವುದು
10. ತಿರುಗುವ ಗುಂಡಿಯ ಚುಕ್ಕೆಯನ್ನು ಮಷೀನಿನ ಮೇಲಿನ ಚುಕ್ಕೆಗೆ ಸೇರಿಸುವುದು
11. ಹಸಿರು ಚುಕ್ಕೆಯ ಗುಂಡಿ ಒತ್ತುವುದು
12. ನೀರು ಬೀಳುವ ಸದ್ದು ಕೇಳುವವರೆಗೆ ಅಲ್ಲೇ ನಿಲ್ಲುವುದು
13. ಫೋನಿನಲ್ಲಿ ಟೈಮರ್ ಹಾಕುವುದು
14. ಟೈಮರ್ ಹೊಡೆದಾಗ ಬಂದು ಬಟ್ಟೆ ತೆಗೆಯುವುದು
15. ನಲ್ಲಿ ಮುಚ್ಚುವುದು
16. ಬಟ್ಟೆ ಕೊಡವಿ ಒಣಹಾಕುವುದು

ಪ್ರತಿ ಹಂತದ ಕೊನೆಯಲ್ಲಿ ಕಣ್ಣಿಗೋ ಕಿವಿಗೋ ಸಿಗುವ ಒಂದು ಗುರುತು ಇರಬೇಕು, ಆ ಗುರುತೇ ಮುಂದಿನ ಹಂತಕ್ಕೆ ಕರೆ. "ಟಕ್", ನೀರಿನ ಸದ್ದು, ಚುಕ್ಕೆಗೆ ಚುಕ್ಕೆ. "ಸಾಕಷ್ಟು ಪುಡಿ ಹಾಕು", "ಚೆನ್ನಾಗಿ ಮುಚ್ಚು" ಎಂಬ ಮಾತುಗಳಿಗೆ ಅಂಥ ಗುರುತಿಲ್ಲ. ಗುರುತಿಲ್ಲದ ಕಡೆ ಅವರು ನಿಮ್ಮ ಮುಖ ನೋಡುತ್ತಾರೆ. ಮುಖ ನೋಡಿದ ಜಾಗಕ್ಕೆಲ್ಲ ಪೆನ್ಸಿಲಿನಲ್ಲಿ ಗೆರೆ ಹಾಕಿ: ಅಲ್ಲಿ ಹಂತ ಒಡೆದು ಎರಡಾಗಬೇಕು ಅಥವಾ ವಸ್ತುವಿಗೆ ಗುರುತು ಬೇಕು.

ಈ ಕೆಲಸ ಕೆಡುವುದು ಹೆಚ್ಚಾಗಿ 13 ಮತ್ತು 14ರ ನಡುವೆ. ಮಷೀನು ಓಡುವ ಒಂದು ಗಂಟೆಯಲ್ಲಿ ಬಟ್ಟೆ ಮರೆತೇಹೋಗುತ್ತದೆ. ಮರುದಿನ ವಾಸನೆ ಬರುತ್ತದೆ, ಮನೆಯವರು ಬೈಯುತ್ತಾರೆ, ಮುಂದಿನ ವಾರದಿಂದ ತಾವೇ ಒಗೆಯುತ್ತಾರೆ. ಟೈಮರನ್ನು ಕಲಿಯುವವರೇ ಹಾಕಬೇಕು ಎಂಬ ಒತ್ತಾಯ ಅದಕ್ಕೇ. ನೀವು ಹಾಕಿಕೊಟ್ಟರೆ ಪಟ್ಟಿಯಲ್ಲಿ ನಿಮ್ಮದೊಂದು ಹಂತ ಶಾಶ್ವತವಾಗಿ ಉಳಿಯಿತು.

ಯಾವ ತುದಿಯಿಂದ ಕಲಿಸುವುದು

ಮೂರು ದಾರಿಗಳಿವೆ. ಮೊದಲ ಹಂತ ಕಲಿಸಿ, ಅದು ಕುದುರಿದ ಮೇಲೆ ಎರಡನೆಯದು ಸೇರಿಸುವುದು ಒಂದು. ಕೊನೆಯ ಹಂತ ಮಾತ್ರ ಅವರಿಗೆ ಬಿಟ್ಟು ಉಳಿದದ್ದನ್ನು ನೀವು ಮಾಡುವುದು, ಆಮೇಲೆ ಕೊನೆಯ ಎರಡು, ಕೊನೆಯ ಮೂರು ಎಂದು ಹಿಂದಕ್ಕೆ ಸರಿಯುವುದು ಇನ್ನೊಂದು. ಪ್ರತಿ ಸಲವೂ ಎಲ್ಲ ಹಂತಗಳನ್ನು ಮಾಡಿಸಿ, ಎಲ್ಲಿ ಬೇಕೋ ಅಲ್ಲಿ ಮಾತ್ರ ನೆರವಾಗುವುದು ಮೂರನೆಯದು.

ಬೇಗ ಕೈಬಿಡುವವರಿಗೆ, ಹಿಂದೆ ಸೋತು ಬೇಸತ್ತವರಿಗೆ ಹಿಂದಿನಿಂದ ಬರುವ ದಾರಿಯೇ ಸರಿ. ಯಾಕೆಂದರೆ ಪ್ರತಿ ಪಾಠವೂ ಮುಗಿದ ಕೆಲಸದಲ್ಲೇ ಕೊನೆಯಾಗುತ್ತದೆ. ಹಾಸಿಗೆಯ ಹೊದಿಕೆ ಹಾಕುವಾಗ ಮೂರು ಮೂಲೆ ನೀವು ಹಾಕಿ, ನಾಲ್ಕನೆಯದು ಅವರಿಗೆ. ಹಾಸಿಗೆ ಸಿದ್ಧವಾಗುವುದು ಅವರ ಕೈಯಲ್ಲಿ. ಎರಡು ವಾರದ ಹಾಳೆಯಲ್ಲಿ ಅರ್ಧಕ್ಕಿಂತ ಹೆಚ್ಚು "ತಾ" ಇದ್ದರೆ ಮೂರನೇ ದಾರಿ ಹಿಡಿಯಿರಿ.

ಸಹಾಯದ ಮೆಟ್ಟಿಲು, ಮತ್ತು ಇಳಿಯುವುದು

ಅವರಿಗೆ ಈಗಾಗಲೇ ಸ್ವಲ್ಪ ಬರುವ ಕೆಲಸವಾದರೆ ಕಡಿಮೆ ಸಹಾಯದಿಂದ ಹೆಚ್ಚಿನದಕ್ಕೆ ಹೋಗಿ. ಹಂತದ ಸರದಿ ಬಂದಾಗ 5 ಸೆಕೆಂಡು ಕಾಯಿರಿ, ಮನಸ್ಸಿನಲ್ಲೇ ಎಣಿಸಿ. ಆಗದಿದ್ದರೆ ವಸ್ತುವಿನ ಕಡೆ ಬೆರಳು ತೋರಿಸಿ, ಮತ್ತೆ 5. ಆಮೇಲೆ ಒಂದು ಸಲ ಮಾಡಿ ತೋರಿಸಿ. ಅದೂ ಸಾಲದಿದ್ದರೆ, ಅವರ ಒಪ್ಪಿಗೆಯಿದ್ದರೆ, ಮಣಿಕಟ್ಟಿನ ಬಳಿ ಹಗುರಾಗಿ ಹಿಡಿದು ನಡೆಸಿ. ಸೆರೆಬ್ರಲ್ ಪಾಲ್ಸಿ ಇರುವವರಿಗೆ, ಆಟಿಸಂ ಇರುವ ಹಲವರಿಗೆ 5 ಸೆಕೆಂಡು ಸಾಲದು. ಕೈ ಹೊರಡಲಿಕ್ಕೇ ಹತ್ತು ಹದಿನೈದು ಸೆಕೆಂಡು ಬೇಕಾದೀತು, ಅಷ್ಟರಲ್ಲಿ ನೀವು ಮಾತಾಡಿದರೆ ಹೊರಟ ಕೈ ನಿಲ್ಲುತ್ತದೆ.

ಪೂರ್ತಿ ಹೊಸ ಕೆಲಸಕ್ಕೆ, ತಪ್ಪಿದರೆ ಗಾಯವಾಗುವ ಕೆಲಸಕ್ಕೆ ಇದು ತಿರುಗಾಮುರುಗಾ. ಮೊದಲ ಎರಡು ಮೂರು ಪಾಠಗಳಲ್ಲಿ ಕಾಯುವುದೇ ಬೇಡ, ತಕ್ಷಣ ಸಹಾಯ. ಆಮೇಲೆ ಅದೇ ಸಹಾಯವನ್ನು 4-5 ಸೆಕೆಂಡು ತಡವಾಗಿ ಕೊಡಿ. ಆ ಸಣ್ಣ ಬಿಡುವಿನಲ್ಲಿ ಅವರು ನಿಮಗಿಂತ ಮೊದಲು ಕೈ ಹಾಕತೊಡಗುತ್ತಾರೆ. ಚಾಕು, ಒಲೆ, ರಸ್ತೆ ದಾಟುವುದಕ್ಕೆ ಈ ಕ್ರಮವೇ ಸರಿ, ತಪ್ಪು ಮಾಡಿ ಕಲಿಯಲಿ ಎನ್ನುವ ಜಾಗ ಅಲ್ಲ ಅದು.

ಮೆಟ್ಟಿಲುಗಳಲ್ಲಿ ಮಾತನ್ನು ಹೇಳಲಿಲ್ಲ ಎಂದು ಗಮನಿಸಿರಬಹುದು. ಮಾತು ಹಗುರ, ದೂರದಿಂದಲೂ ಕೊಡಬಹುದು, ಹಾಗಾಗಿ ಎಲ್ಲರೂ ಮೊದಲು ಅದನ್ನೇ ಕೊಡುತ್ತಾರೆ. ಆದರೆ ಎಲ್ಲ ಸಹಾಯಗಳಲ್ಲಿ ಕೊನೆಗೆ ಬಿಡಿಸಲು ಅತಿ ಕಷ್ಟವಾದದ್ದು ಅದೇ. ಹಿಡಿದ ಕೈಯನ್ನು ಮಣಿಕಟ್ಟಿನಿಂದ ಮೊಣಕೈಗೆ, ಮೊಣಕೈಯಿಂದ ಭುಜಕ್ಕೆ, ಆಮೇಲೆ ಗಾಳಿಗೆ ಸರಿಸಬಹುದು. "ಈಗ ಏನ್ ಮಾಡ್ಬೇಕು?" ಎಂಬ ಪ್ರಶ್ನೆಯನ್ನು ಕಾಲುಭಾಗ ಹೇಳುವುದು ಹೇಗೆ? ಪಾಠದ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ಒರಟು ಅನಿಸಬಹುದು. ಕೆಲಸ ಶುರುವಾಗುವ ಮುನ್ನ ಮತ್ತು ಮುಗಿದ ಮೇಲೆ ಬೇಕಾದಷ್ಟು ಮಾತಾಡಿ, ನಡುವೆ ಬೇಡ.

ತಪ್ಪಾದಾಗ ಬೈಯುವುದೂ ಬೇಡ, ವಿವರಣೆಯೂ ಬೇಡ. ಕೈ ಅಡ್ಡ ಇಟ್ಟು ನಿಲ್ಲಿಸಿ, ಒಂದು ಹಂತ ಹಿಂದಕ್ಕೆ ಹೋಗಿ, ಅಲ್ಲಿಂದ ಸ್ವಲ್ಪ ಹೆಚ್ಚು ಸಹಾಯದೊಡನೆ ಮಾಡಿಸಿ. ಒಂದೇ ಹಂತದಲ್ಲಿ ಮೂರು ಪಾಠ ತಪ್ಪಿದರೆ ದೋಷ ಹಂತದಲ್ಲಿದೆ, ಅದನ್ನು ಒಡೆಯಿರಿ.

ಕಲಿತರು ಎಂದು ಯಾವಾಗ ಹೇಳುವುದು? ಸತತ ಮೂರು ಸಲ, ಎಲ್ಲ ಹಂತ "ತಾ", ಅದೂ ನೀವು ಆ ಕೋಣೆಯಲ್ಲಿ ಇಲ್ಲದಾಗ. ಕೋಣೆಯ ಮಾತು ಮುಖ್ಯ. ಮೂಲೆಯಲ್ಲಿ ಸುಮ್ಮನೆ ನಿಂತಿರುವ ಮನುಷ್ಯನೂ ಒಂದು ಸಹಾಯವೇ. ಅವನ ಮುಖದಲ್ಲಿ "ಸರಿ" ಅಥವಾ "ಅಯ್ಯೋ" ಓದಬಹುದು. ಪಕ್ಕದಿಂದ ಹಿಂದಕ್ಕೆ, ಹಿಂದಿನಿಂದ ಬಾಗಿಲಿಗೆ, ಬಾಗಿಲಿನಿಂದ ಪಕ್ಕದ ಕೋಣೆಗೆ ಎಂದು ಸರಿಯುವುದನ್ನೂ ಹಾಳೆಯಲ್ಲಿ ಬರೆದೇ ಮಾಡಿ.

ಮನುಷ್ಯನನ್ನು ಬದಲಿಸುವ ಮುನ್ನ ವಸ್ತುವನ್ನು ಬದಲಿಸಿ

1970ರ ದಶಕದ ಆರಂಭದಲ್ಲಿ ಅಮೆರಿಕದ ಸಂಶೋಧಕ ಮಾರ್ಕ್ ಗೋಲ್ಡ್, ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಬೈಸಿಕಲ್ ಬ್ರೇಕಿನ ಬಿಡಿಭಾಗಗಳನ್ನು ಜೋಡಿಸಲು ಕಲಿಸಿದರು. ಒಂದು ಗುಂಪಿಗೆ ಕೊಟ್ಟ ಬಿಡಿಭಾಗಗಳಲ್ಲಿ, ಸರಿಯಾಗಿ ಇಟ್ಟಾಗ ಎದುರಿಗೆ ಕಾಣುವ ಮೈಗೆ ಬಣ್ಣ ಬಳಿದಿತ್ತು. ಬಣ್ಣ ಕಂಡ ಗುಂಪು ಬೇಗ ಕಲಿತಿತು. ಮಷೀನಿನ ಮೇಲಿನ ಚುಕ್ಕೆಗಳು ಇದೇ ಜಾತಿಯವು. ಇಂಥ ಸಹಾಯ ಎಂದೂ ಕರಗಬೇಕಿಲ್ಲ. ನಾವೆಲ್ಲ ಅಲಾರಂ ಇಟ್ಟುಕೊಂಡು ಏಳುತ್ತೇವಲ್ಲ.

ಹಂತಗಳ ಚಿತ್ರಪಟ್ಟಿ ಮಾಡುವಾಗ ಅವರದೇ ಮಷೀನು, ಅವರದೇ ಡಬ್ಬದ ಫೋಟೊ ಇರಲಿ. ಒಂದು ಚಿತ್ರಕ್ಕೆ ಒಂದೇ ಕ್ರಿಯೆ, ತೆಗೆಯುವ ಕೋನ ಅವರ ಕಣ್ಣಿನಿಂದ. ಎದುರು ನಿಂತು ತೆಗೆದ ಫೋಟೊದಲ್ಲಿ ಎಡ ಬಲ ತಿರುಗಿರುತ್ತದೆ. ಕಾರ್ಟೂನು, ನಗುಮುಖದ ಸ್ಟಿಕ್ಕರು ಬೇಡ, ಇದು ವಯಸ್ಕರ ಮನೆ. ಚಿತ್ರಪಟ್ಟಿಯನ್ನು ಬಳಸುವುದನ್ನೂ ಕಲಿಸಬೇಕು: ಚಿತ್ರ ನೋಡು, ಮಾಡು, ಪಟ್ಟಿಗೆ ಸಿಕ್ಕಿಸಿದ ಕ್ಲಿಪ್ ಕೆಳಗಿನ ಚಿತ್ರಕ್ಕೆ ಸರಿಸು. ಗೋಡೆಗೆ ಅಂಟಿಸಿ "ನೋಡ್ಕೊಂಡು ಮಾಡಿ" ಎಂದರೆ ಅದು ಅಲಂಕಾರವಾಗಿ ಉಳಿಯುತ್ತದೆ.

ಅಡುಗೆಮನೆ ಮತ್ತು ಬಿಸಿನೀರು

ಬೆಂಕಿ ಕೊನೆಗೆ. ಮೊದಲು ಬಿಸಿ ಮಾಡದ ಊಟ ತಯಾರಿಸುವುದು, ಆಮೇಲೆ ತಾನಾಗಿ ಆರುವ ಎಲೆಕ್ಟ್ರಿಕ್ ಕೆಟಲ್, ಮೈಕ್ರೋವೇವ್, ಪಾತ್ರೆ ತೆಗೆದರೆ ನಿಲ್ಲುವ ಇಂಡಕ್ಷನ್ ಒಲೆ, ಎಲ್ಲಕ್ಕಿಂತ ಕೊನೆಗೆ ಗ್ಯಾಸ್. ಬಹಳ ಜನರಿಗೆ ಗ್ಯಾಸ್‌ವರೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಮೊಟ್ಟೆ ಬೇಯಿಸುವುದು ಒಳ್ಳೆಯ ಮೊದಲ ಬಿಸಿ ಪಾಠ. ಅದರಲ್ಲಿ ಕುದಿಯುವ ಗುರುತು, ಟೈಮರ್, ಬಿಸಿ ಪಾತ್ರೆ ಎತ್ತುವುದು ಮೂರೂ ಇವೆ. ಬಿಸಿನೀರು ಬಗ್ಗಿಸುವ ಹಂತವನ್ನು ತೆಗೆದೇಬಿಡಿ, ಒಲೆ ಆರಿಸಿ ಜಾಲರಿ ಸೌಟಿನಿಂದ ಮೊಟ್ಟೆಯನ್ನು ಮಾತ್ರ ಎತ್ತಲಿ.

ಸ್ನಾನದ ಬಿಸಿನೀರಿನ ಅಪಾಯ ಅಡುಗೆಮನೆಯದಕ್ಕಿಂತ ಕಡಿಮೆಯದಲ್ಲ. 60 ಡಿಗ್ರಿ ಸೆಲ್ಸಿಯಸ್ ನೀರು ಐದಾರು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ, 49 ಡಿಗ್ರಿಯಲ್ಲಿ ಅದಕ್ಕೆ ಹಲವು ನಿಮಿಷ ಬೇಕು. ಬಿಸಿ ತಿಳಿಯದವರಿಗೆ, ತಡವಾಗಿ ಹಿಂದೆ ಸರಿಯುವವರಿಗೆ "ಮುಟ್ಟಿ ನೋಡು" ಎಂದು ಕಲಿಸುವುದು ಎರಡನೆಯ ಕೆಲಸ. ನಲ್ಲಿಗೆ ಬರುವ ನೀರು 49 ದಾಟದಂತೆ ಮಾಡಿಸುವುದು ಮೊದಲನೆಯದು.

ಹಳಸಿದ್ದನ್ನು ಮೂಸಿ ತಿಳಿಯುವುದು ಕಲಿಸಲು ಕಷ್ಟ, ನಂಬಲೂ ಆಗದು. ಬದಲಿಗೆ ನಿಯಮ ಕೊಡಿ: ಬೇಯಿಸಿದ್ದು ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು, ಇಟ್ಟ ದಿನದ ಹೆಸರಿನ ಚೀಟಿ ಡಬ್ಬಕ್ಕೆ ಅಂಟಬೇಕು, ಮೂರನೇ ದಿನ ಉಳಿದದ್ದು ಕಸಕ್ಕೆ.

ಔಷಧಿ

ವಾರದ ಏಳು ದಿನಕ್ಕೆ ಖಾನೆಗಳಿರುವ ಡಬ್ಬ ತನ್ನಿ. ಹಸ್ತಾಂತರ ನಾಲ್ಕು ಸಲಕ್ಕೆ ಆಗಲಿ. ಮೊದಲು ಡಬ್ಬ ತುಂಬುವುದು ನೀವು, ಅಲಾರಂ ಹೊಡೆದಾಗ ಖಾನೆ ತೆರೆದು ನುಂಗುವುದು ಅವರು, ನೀವು ಎದುರಿಗೆ. ಎರಡನೇ ಸಲ ನೀವು ಎದುರಿಗಿಲ್ಲ, ಖಾಲಿ ಖಾನೆಯ ಫೋಟೊ ಫೋನಿಗೆ ಬರುತ್ತದೆ. ಮೂರನೇ ಸಲ ದಿನಕ್ಕೊಮ್ಮೆ ನೋಡುವ ಬದಲು ವಾರಕ್ಕೊಮ್ಮೆ. ಕೊನೆಗೆ, ಸಾಧ್ಯವಾದರೆ, ಡಬ್ಬವನ್ನೂ ಅವರೇ ತುಂಬಿ ನೀವು ಮುಚ್ಚುವ ಮುನ್ನ ಒಮ್ಮೆ ನೋಡುವುದು. ಅಲ್ಲಿಗೆ ಹೋಗದೆ ಔಷಧಿ ಅಂಗಡಿಯವರಿಂದಲೇ ಹೊತ್ತು ಹೊತ್ತಿನ ಪೊಟ್ಟಣ ಮಾಡಿಸುವುದರಲ್ಲಿ ಏನೂ ಕೊರತೆಯಿಲ್ಲ.

ಕೆಡುವ ಜಾಗಗಳು ಎರಡು. ಅಲಾರಂ ಹೊಡೆದಾಗ ಅವರು ಮನೆಯಲ್ಲಿರುವುದಿಲ್ಲ. ಅಥವಾ ಅಲಾರಂ ಆರಿಸಿದ ಮೇಲೆ ನುಂಗುವ ಮುನ್ನ ಬೇರೆ ಏನೋ ನೆನಪಾಗುತ್ತದೆ. ಎರಡನೆಯದಕ್ಕೆ ಉಪಾಯ: ನುಂಗಿದ ಮೇಲೇ ಅಲಾರಂ ಆರಿಸಬೇಕು ಎಂಬ ಕ್ರಮ, ಫೋನು ಡಬ್ಬದ ಪಕ್ಕದಲ್ಲೇ. ಮೊದಲನೆಯದಕ್ಕೆ, ಹೊರಗೆ ಹೋಗುವ ದಿನ ಒಂದು ಹೊತ್ತಿನದು ಚಿಕ್ಕ ಡಬ್ಬಿಯಲ್ಲಿ ಚೀಲಕ್ಕೆ. ತಪ್ಪಿಹೋದರೆ ಎರಡು ಹೊತ್ತಿನದನ್ನು ಒಟ್ಟಿಗೆ ನುಂಗಕೂಡದು, ಫೋನ್ ಮಾಡಿ ಕೇಳಬೇಕು. ಇದನ್ನು ಹೇಳಿದರೆ ಸಾಲದು. ಬೇಕೆಂದೇ ಒಂದು ಖಾನೆಯನ್ನು ಉಳಿಸಿದಂತೆ ನಟಿಸಿ, ಆ ಫೋನ್ ಕರೆಯನ್ನು ನಾಲ್ಕೈದು ಸಲ ಅಭ್ಯಾಸ ಮಾಡಿಸಿ.

ಫಿಟ್ಸ್ ಇರುವವರಿಗೆ ಒಂದು ಹೊತ್ತು ತಪ್ಪಿದರೂ ಫಿಟ್ಸ್ ಬರಬಹುದು. ಅವರ ಸ್ನಾನ ತೊಟ್ಟಿಯಲ್ಲಿ ಬೇಡ, ಕೂತು ಷವರಿನಲ್ಲಿ. ಬಾತ್‌ರೂಮಿನ ಬಾಗಿಲು ಹೊರಕ್ಕೆ ತೆರೆಯುವಂತಿರಲಿ, ಚಿಲಕ ಹೊರಗಿನಿಂದ ಬಿಡಿಸುವಂತಿರಲಿ. ಐದು ನಿಮಿಷ ದಾಟಿದ ಫಿಟ್ಸ್ ತುರ್ತುಸ್ಥಿತಿ ಎಂಬುದು ನೆರೆಯವರಿಗೂ ಗೊತ್ತಿರಲಿ.

ದುಡ್ಡು

ಎಣಿಕೆ ಪೂರ್ತಿ ಬಂದ ಮೇಲೇ ದುಡ್ಡು ಎಂದರೆ ಕೆಲವರಿಗೆ ದುಡ್ಡು ಎಂದೂ ಬರುವುದಿಲ್ಲ. ಬಿಲ್ಲಿನ ಮೊತ್ತ ನೋಡಿ, ಅದಕ್ಕಿಂತ ದೊಡ್ಡದಾದ ಮುಂದಿನ ನೋಟು ಕೊಟ್ಟು, ಚಿಲ್ಲರೆಗೂ ರಸೀದಿಗೂ ಕೈ ಚಾಚಿ ನಿಲ್ಲುವುದು ಸಾಕು. ಅಭ್ಯಾಸಕ್ಕೆ ಆಟದ ನೋಟು ಬೇಡ, ನಿಜವಾದದ್ದೇ ಬೇಕು. ಆಟದ ನೋಟಿನಲ್ಲಿ ಕಲಿತದ್ದು ಅಂಗಡಿಯ ಸಾಲಿನಲ್ಲಿ, ಹಿಂದಿನವರು ಅವಸರ ಮಾಡುವಾಗ ನಿಲ್ಲುವುದಿಲ್ಲ. ಮೊದಲ ಕೆಲವು ಸಲ ಜನ ಕಡಿಮೆಯಿರುವ ಹೊತ್ತಿಗೆ ಹೋಗಿ.

ಬ್ಯಾಂಕಿನಲ್ಲಿ ಎರಡು ಖಾತೆ ಇರಲಿ. ಬಾಡಿಗೆ, ವಿದ್ಯುತ್ತು ತಾನಾಗಿ ಕಡಿತವಾಗುವುದು ಒಂದರಿಂದ. ವಾರದ ಖರ್ಚು ಮಾತ್ರ ಬಂದು ಬೀಳುವುದು ಇನ್ನೊಂದಕ್ಕೆ, ಕಾರ್ಡು ಇರುವುದು ಅದಕ್ಕಷ್ಟೇ. ಈ ಎರಡನೆಯ ಖಾತೆಯ ದುಡ್ಡನ್ನು ಅವರು ನಿಮಗೆ ಹಿಡಿಸದ ರೀತಿಯಲ್ಲಿ ಖರ್ಚು ಮಾಡುತ್ತಾರೆ. ಮಾಡಲಿ. ಬುಧವಾರಕ್ಕೇ ಖಾಲಿಯಾದರೆ ಗುರುವಾರ ನೀವು ತುಂಬಬೇಡಿ. ಊಟ ಔಷಧಿಗೆ ತೊಂದರೆಯಾಗದಂತೆ ಮೊದಲೇ ವ್ಯವಸ್ಥೆ ಮಾಡಿದ್ದೀರಿ, ಉಳಿದದ್ದು ಅವರ ಪಾಠ. ಬೌದ್ಧಿಕ ಅಂಗವೈಕಲ್ಯ ಇರುವವರ ಪರ ಬರೆದ ಅಮೆರಿಕದ ರಾಬರ್ಟ್ ಪರ್ಸ್ಕಿ 1972ರಲ್ಲಿ ಅಪಾಯಕ್ಕೂ ಒಂದು ಘನತೆಯಿದೆ ಎಂದು ಬರೆದದ್ದು ಇಂಥ ಜಾಗಗಳನ್ನು ಕುರಿತೇ.

ಬಾಗಿಲು, ಗೆಳೆಯರು, "ಬೇಡ" ಎನ್ನುವುದು

ಮೋಸ ಮಾಡುವವರು ಅಪರಿಚಿತರಾಗಿಯೇ ಬರುವುದಿಲ್ಲ, ಹೆಚ್ಚಾಗಿ ಗೆಳೆಯರಾಗಿ ಬರುತ್ತಾರೆ. ಆದ್ದರಿಂದ "ಗೊತ್ತಿಲ್ಲದವರ ಜೊತೆ ಮಾತಾಡಬೇಡ" ಎಂಬ ನಿಯಮ ಕೆಲಸಕ್ಕೆ ಬಾರದು. ಮನುಷ್ಯರನ್ನು ಬಿಟ್ಟು ಬೇಡಿಕೆಯನ್ನು ಹಿಡಿಯಿರಿ: ಯಾರೇ ಕಾರ್ಡು, ಪಿನ್, ಸಾಲ, ಸಹಿ ಕೇಳಿದರೂ, ಮನೆಯಲ್ಲಿ ಉಳಿಯುತ್ತೇನೆ ಅಂದರೂ, "ಇದನ್ನು ಯಾರಿಗೂ ಹೇಳಬೇಡ" ಅಂದರೂ ಉತ್ತರ ಒಂದೇ, "ಕೇಳಿ ಹೇಳ್ತೀನಿ". ಕೇಳುವುದು ಯಾರನ್ನು ಎಂಬುದಕ್ಕೆ ಅವರೇ ಆರಿಸಿದ ಇಬ್ಬರ ಫೋಟೊ ಫೋನಿನ ಮೊದಲ ಪರದೆಯಲ್ಲಿ ಇರಲಿ. ಒಬ್ಬರೇ ಆದರೆ ಆ ಒಬ್ಬರೇ ಮೋಸ ಮಾಡಿದಾಗ ದಾರಿಯಿಲ್ಲ.

ದೇಹ, ಪ್ರೀತಿ, ಲೈಂಗಿಕತೆಯ ಮಾತನ್ನು ಮುಜುಗರಕ್ಕೆ ಬಿಟ್ಟರೆ ಅಂಗಾಂಗಗಳ ಹೆಸರೇ ಗೊತ್ತಿಲ್ಲದವರು ದೌರ್ಜನ್ಯವನ್ನು ಹೇಳಲಾರರು. ಸರಿಯಾದ ಹೆಸರುಗಳನ್ನು ಕಲಿಸಿ. ಇನ್ನೊಂದು ಮಾತು, ಇದು ಮನೆಯವರಿಗೆ ಕಹಿ: ಮೂವತ್ತು ವರ್ಷ ಮನೆಯಲ್ಲಿ ಹೇಳಿದ್ದಕ್ಕೆಲ್ಲ "ಹ್ಞೂಂ" ಅಂದು ಬೆಳೆದವರಿಗೆ ಹೊರಗೆ ಒಂದೇ ದಿನ "ಬೇಡ" ಎನ್ನಲು ಬರುವುದಿಲ್ಲ. ಊಟ ಬಡಿಸುವಾಗ, ಬಟ್ಟೆ ಆರಿಸುವಾಗ ಅವರ "ಬೇಡ"ಕ್ಕೆ ಬೆಲೆ ಸಿಗುತ್ತಿದೆಯೇ ನೋಡಿ.

ಒಂದು ದಾರಿ

ಪ್ರಯಾಣದಲ್ಲಿ ಎಲ್ಲ ದಾರಿ ಬೇಡ, ಅವರು ಹೋಗಲೇಬೇಕಾದ ಒಂದು ದಾರಿ ಸಾಕು. ಪಕ್ಕದಲ್ಲಿ, ಆಮೇಲೆ ಹತ್ತು ಹೆಜ್ಜೆ ಹಿಂದೆ, ಆಮೇಲೆ ಬಸ್ಸಿನ ಇನ್ನೊಂದು ತುದಿಯಲ್ಲಿ, ಕೊನೆಗೆ ಇಳಿಯುವ ನಿಲ್ದಾಣದಲ್ಲಿ ಮಾತ್ರ ನೀವು. ಇಳಿಯುವ ಗುರುತು ಅಂಗಡಿಯ ಬೋರ್ಡಾಗಿದ್ದರೆ ಬೋರ್ಡು ಬದಲಾದ ದಿನ ಕೆಟ್ಟಿತು. ಸೇತುವೆ, ತಿರುವು, ಗೋಪುರದಂಥ ಎರಡು ಗುರುತು ಇರಲಿ. ದಾರಿ ತಪ್ಪುವುದನ್ನೂ ಕಲಿಸಬೇಕು: ಮುಂದಿನ ನಿಲ್ದಾಣದಲ್ಲಿ ಬೇಕೆಂದೇ ಇಳಿದು, ನಿಂತಲ್ಲೇ ನಿಂತು ಫೋನ್ ಮಾಡುವ ಅಭ್ಯಾಸ.

ಒಂಟಿಯಾಗಿ ಇರುವ ಹೊತ್ತು

ಮೊದಲ ದಿನ 15 ನಿಮಿಷ. ಆಮೇಲೆ ಒಂದು ಗಂಟೆ, ಒಂದು ಸಂಜೆ, ಒಂದು ರಾತ್ರಿ, ಒಂದು ವಾರಾಂತ್ಯ. ಪ್ರತಿ ಹೆಜ್ಜೆಯನ್ನೂ ಕನಿಷ್ಠ ಮೂರು ಸಲ ಸಲೀಸಾಗಿ ದಾಟಿದ ಮೇಲೆ ಮುಂದಿನದು. ಒಳ್ಳೆಯ ದಿನವನ್ನಷ್ಟೇ ಅಭ್ಯಾಸ ಮಾಡಿಸಿದರೆ ಪ್ರಯೋಜನವಿಲ್ಲ. ಕರೆಂಟು ಹೋಗಲಿ, ಬೀಗದ ಕೈ ಕಳೆಯಲಿ, ಶೌಚದ ನೀರು ಉಕ್ಕಲಿ, ಫೋನು ಚಾರ್ಜ್ ಇಲ್ಲದಿರಲಿ, ಒಂದೊಂದನ್ನೂ ನೀವು ಇರುವಾಗಲೇ ಮಾಡಿ ನೋಡಿ. ಹೊಗೆಯ ಅಲಾರಂ ಹೊಡೆದರೆ ಮೊದಲು ಹೊರಗೆ, ಆಮೇಲೆ ಫೋನು. ಜೋರು ಸದ್ದಿಗೆ ಕಿವಿ ಮುಚ್ಚಿ ಕೂತುಬಿಡುವವರಿದ್ದಾರೆ, ಅವರಿಗೆ ಸದ್ದಿನ ರೆಕಾರ್ಡಿಂಗನ್ನು ಸಣ್ಣದರಿಂದ ಶುರು ಮಾಡಿ ದಿನದಿಂದ ದಿನಕ್ಕೆ ಏರಿಸಬೇಕು. ನಿದ್ದೆಯಲ್ಲಿರುವಾಗಲೂ, ಮೊದಲೇ ಹೇಳಿ ಒಪ್ಪಿಸಿ, ಒಮ್ಮೆ ಪರೀಕ್ಷಿಸಿ. ಹಗಲಲ್ಲಿ ಓಡಿ ಹೊರಬಂದವರು ರಾತ್ರಿ ಏಳದೇ ಇರಬಹುದು.

ಅಡುಗೆ, ದುಡ್ಡು, ಔಷಧಿ ಎಲ್ಲ ಸರಿಯಿದ್ದೂ ಮನೆ ಮುರಿಯುವುದು ಸಂಜೆ ಐದರಿಂದ ಒಂಬತ್ತರ ನಡುವೆ. ಮಾಡಲು ಏನೂ ಇಲ್ಲದ, ಯಾರೂ ಬಾರದ ಹೊತ್ತು ಅದು. ಕೆಟ್ಟ ಗೆಳೆತನ, ಇಪ್ಪತ್ತು ಫೋನ್ ಕರೆ, ಅತಿಯಾದ ತಿನ್ನುವಿಕೆ ಎಲ್ಲ ಅಲ್ಲಿಂದಲೇ. ಹೊಸ ಮನೆಗೆ ಹೋಗುವ ಮುನ್ನವೇ ವಾರದ ಏಳು ಸಂಜೆಗಳ ಪಟ್ಟಿ ಸಿದ್ಧವಿರಲಿ, ಅದರಲ್ಲಿ ಕನಿಷ್ಠ ಮೂರು ಸಂಜೆ ಸಂಬಳಕ್ಕೆ ಬರುವವರಲ್ಲದ ಮನುಷ್ಯರು ಇರಲಿ.

ಕಲಿತದ್ದು ಉಳಿಯಲು

ಒಂದು ವಾರ, ಎರಡು ವಾರ, ಒಂದು ತಿಂಗಳು, ಮೂರು ತಿಂಗಳಿಗೆ ಹಳೆಯ ಹಾಳೆ ಹಿಡಿದು ಮತ್ತೆ ನೋಡಿ. ಒಂದು ಹಂತ ಬಿದ್ದಿದ್ದರೆ ಆ ಹಂತವನ್ನಷ್ಟೇ ಕಲಿಸಿ, ಇಡೀ ಕೆಲಸವನ್ನಲ್ಲ. ಸಹಾಯಕರು ಬದಲಾಗುವಾಗ ಒಂದು ಪುಟದ ಚೀಟಿ ಕೈಬದಲಾಗಲಿ: ಯಾವ ಕೆಲಸದಲ್ಲಿ ಮಾತಾಡಕೂಡದು, ಎಷ್ಟು ಸೆಕೆಂಡು ಕಾಯಬೇಕು, ಎಲ್ಲಿ ನಿಲ್ಲಬೇಕು. ಹೊಸಬರು ಪ್ರೀತಿಯಿಂದ ಒಂದೇ ವಾರದಲ್ಲಿ ಆರು ತಿಂಗಳ ಕೆಲಸವನ್ನು ಅಳಿಸಬಲ್ಲರು.

ಇನ್ನೊಂದು ಬೀಗದ ಕೈ ಯಾರ ಬಳಿ ಇರಬೇಕೆಂದು ಅವರೇ ಹೇಳಲಿ. ಅದು ನಿಮ್ಮ ಬಳಿ ಬಂದರೆ, ಹೋದಾಗಲೆಲ್ಲ ಬಾಗಿಲು ತಟ್ಟಿ, ಇಪ್ಪತ್ತರವರೆಗೆ ಎಣಿಸಿ. ಮತ್ತೊಮ್ಮೆ ತಟ್ಟಿ, ಫೋನ್ ಮಾಡಿ. ಒಳಗಿನಿಂದ "ಈಗ ಬೇಡ, ನಾಳೆ ಬನ್ನಿ" ಅಂದರೆ ನಾಳೆ ಹೋಗಿ.